ಕರ್ನಾಟಕದಲ್ಲಿ ಜೀತ ಪದ್ಧತಿಯ ರದ್ದತಿ

ಜೀತ ಪದ್ಧತಿಯು ಪಡೆದ ಸಾಲಕ್ಕೆ ಪ್ರತಿಯಾಗಿ ಸಾಲಗಾರನು ಅಥವಾ ಅವನ ಕುಟುಂಬದವರು ಸಾಲಿಗನ ಬಳಿ ಕೂಲಿಯಿಲ್ಲದೆ ಅಥವಾ ಹೆಸರಿಗಷ್ಟೇ ಕೂಲಿ ಪಡೆದು ದುಡಿಯಬೇಕಾದ ವ್ಯವಸ್ಥೆ. ಭಾರತದಲ್ಲಿ ಇದನ್ನು 1975ರ ಅಕ್ಟೋಬರ್ 25ರಿಂದ ಕಾನೂನಿನ ಮೂಲಕ ರದ್ದುಪಡಿಸಲಾಯಿತು. ತುರ್ತು ಪರಿಸ್ಥಿತಿಯ ಅವಧಿಯಲ್ಲಿ ಸುಗ್ರೀವಾಜ್ಞೆಯಾಗಿ ಬಂದ ಈ ಕ್ರಮವು 1976ರಲ್ಲಿ ಸಂಸತ್ತಿನ ಕಾಯಿದೆಯಾಯಿತು. ಅಮೆರಿಕದಲ್ಲಿ ಅಧ್ಯಕ್ಷ ಅಬ್ರಹಾಂ ಲಿಂಕನ್ ಅಂತರ್ಯುದ್ಧದ ನಡುವೆ ಹೊರಡಿಸಿದ ಗುಲಾಮ ವಿಮೋಚನಾ ಘೋಷಣೆಯಂತೆ, ಇದು ಸಹ ಅಸಾಧಾರಣ ಸನ್ನಿವೇಶದಲ್ಲಿ ಆಡಳಿತದ ಆದೇಶದಿಂದ ಆರಂಭಗೊಂಡು ಅನಂತರ ಶಾಶ್ವತ ಕಾನೂನಾದ ಕ್ರಮವಾಗಿದೆ.

ಪದದ ಅರ್ಥ

ಹಳಗನ್ನಡದಲ್ಲಿ ‘ಜೀತ’ ಎಂದರೆ ವೇತನ ಅಥವಾ ಜೀವನಾಧಾರ. ಕಾಲಕ್ರಮದಲ್ಲಿ ಅದೇ ಪದವು ವೇತನವಿಲ್ಲದ ದುಡಿಮೆಯನ್ನು ಸೂಚಿಸತೊಡಗಿತು. ಮದುವೆ, ಕಾಯಿಲೆ, ಶವಸಂಸ್ಕಾರ ಮೊದಲಾದವುಗಳಿಗೆ ಪಡೆದ ಸಣ್ಣ ಮೊತ್ತವು ಬಡ್ಡಿಯಿಂದ ಬೆಳೆದು, ತಂದೆಯ ಸಾಲಕ್ಕೆ ಮಗನು ದುಡಿಯುವಂತಾಗುತ್ತಿತ್ತು. ಗುಲಾಮಗಿರಿಯಲ್ಲಿ ಒಡೆಯನು ಮನುಷ್ಯನನ್ನೇ ಸ್ವತ್ತೆಂದು ಹೊಂದಿರುತ್ತಾನೆ. ಜೀತದಲ್ಲಿ ಅವನ ದುಡಿಮೆಯನ್ನು ಸಾಲದ ಹೆಸರಿನಲ್ಲಿ ಹಿಡಿದಿಡಲಾಗುತ್ತದೆ. ಜೀತದಾಳುಗಳಲ್ಲಿ ಹೆಚ್ಚಿನವರು ಭೂಹೀನ ದಲಿತ ಮತ್ತು ಬುಡಕಟ್ಟು ಸಮುದಾಯಗಳಿಗೆ ಸೇರಿದವರು.

ಹಿನ್ನೆಲೆ

ಫ್ರಾನ್ಸಿಸ್ ಬುಕಾನನ್ 1800–01ರಲ್ಲಿ ಕೈಗೊಂಡ ಪ್ರವಾಸದ ವರದಿಯಲ್ಲಿ, ಕೆನರಾ ಪ್ರದೇಶದ ಭೂಮಾಲೀಕರ ಅಧೀನದಲ್ಲಿದ್ದ ಗುಲಾಮ ಕೃಷಿಕಾರ್ಮಿಕರ ಸ್ಥಿತಿಯನ್ನು ದಾಖಲಿಸಿದ್ದಾನೆ. ಬ್ರಿಟಿಷ್ ಸಂಸತ್ತು 1833ರಲ್ಲಿ ಗುಲಾಮಗಿರಿಯನ್ನು ರದ್ದುಪಡಿಸಿತಾದರೂ ಈಸ್ಟ್ ಇಂಡಿಯಾ ಕಂಪನಿಯ ಆಡಳಿತ ಪ್ರದೇಶಗಳನ್ನು ಆ ಕಾಯಿದೆಯಿಂದ ಹೊರಗಿಟ್ಟಿತು. ಕಂಪನಿಯ ಪ್ರದೇಶಗಳಿಗೆ 1843ರಲ್ಲಿ ಪ್ರತ್ಯೇಕ ಕಾಯಿದೆ ಬಂದಿತು. ಅದು ಯಾವ ಗುಲಾಮನನ್ನೂ ನೇರವಾಗಿ ಬಿಡುಗಡೆ ಮಾಡಲಿಲ್ಲ. ಗುಲಾಮನ ಮೇಲಿನ ಒಡೆತನದ ಹಕ್ಕನ್ನು ನ್ಯಾಯಾಲಯಗಳು ಜಾರಿಗೊಳಿಸಬಾರದು ಎಂದಷ್ಟೇ ವಿಧಿಸಿತು. ಗುಲಾಮರ ಖರೀದಿ ಮತ್ತು ಮಾರಾಟವು ಶಿಕ್ಷಾರ್ಹ ಅಪರಾಧವಾದದ್ದು 1862ರಲ್ಲಿ ಜಾರಿಗೆ ಬಂದ ಭಾರತೀಯ ದಂಡ ಸಂಹಿತೆಯಿಂದ.

ಕನ್ನಡ ನಾಡು ಆಗ ಹಲವು ಆಡಳಿತಗಳಲ್ಲಿ ಹಂಚಿಹೋಗಿದ್ದುದರಿಂದ ಕಾನೂನೂ ಒಂದೇ ಆಗಿರಲಿಲ್ಲ. ತುಂಗಭದ್ರೆಯ ಬಲದಂಡೆಯ ಬುಕ್ಕಸಾಗರ, ಹೊಸಪೇಟೆ ಮತ್ತು ಕಂಪ್ಲಿ 1800ರಿಂದ ಮದರಾಸು ಪ್ರಾಂತ್ಯದ ಬಳ್ಳಾರಿ ಸೀಮೆಗೆ ಸೇರಿದ್ದವು. ಎಡದಂಡೆಯ ಆನೆಗೊಂದಿ ಮತ್ತು ಗಂಗಾವತಿ ಹೈದರಾಬಾದ್ ನಿಜಾಮರ ರಾಜ್ಯದಲ್ಲಿದ್ದವು. ಸಂಡೂರು ಘೋರ್ಪಡೆ ಮನೆತನದ ಪ್ರತ್ಯೇಕ ಸಂಸ್ಥಾನವಾಗಿತ್ತು. ಹೀಗಾಗಿ ಕಂಪನಿಯ 1843ರ ಕಾಯಿದೆಯ ವ್ಯಾಪ್ತಿ ನದಿಯ ಒಂದು ದಂಡೆಗೆ ನಿಲ್ಲುತ್ತಿತ್ತು. ಹೈದರಾಬಾದ್ ರಾಜ್ಯದಲ್ಲಿ ‘ಭಾಗೇಲ’ ಎಂಬ ಸಾಲದ ಜೀತವನ್ನು ನಿಯಂತ್ರಿಸುವ ಕಾನೂನು ಬಂದದ್ದು ಇಪ್ಪತ್ತನೆಯ ಶತಮಾನದಲ್ಲಿ. ಸಂಡೂರು 1949ರಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ವಿಲೀನವಾಯಿತು. ಬಳ್ಳಾರಿಯ ಕನ್ನಡ ತಾಲ್ಲೂಕುಗಳು 1953ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದವು. 1956ರ ರಾಜ್ಯ ಪುನರ್ವಿಂಗಡಣೆಯ ಬಳಿಕ ನದಿಯ ಎರಡೂ ದಂಡೆಗಳು ಒಂದೇ ರಾಜ್ಯದ ಆಡಳಿತಕ್ಕೆ ಬಂದವು.

1950ರಲ್ಲಿ ಜಾರಿಗೆ ಬಂದ ಸಂವಿಧಾನದ 23ನೆಯ ವಿಧಿಯು ಮಾನವ ಮಾರಾಟ, ಬಿಟ್ಟಿ ದುಡಿಮೆ ಮತ್ತು ಬಲವಂತದ ದುಡಿಮೆಗಳನ್ನು ನಿಷೇಧಿಸಿತು. ಆದರೆ ಈ ನಿಷೇಧವನ್ನು ಸಾಲದ ಜೀತಕ್ಕೆ ಅನ್ವಯಿಸಿ, ಸಾಲವನ್ನೇ ಅಳಿಸಿಹಾಕುವ ಕೇಂದ್ರ ಕಾಯಿದೆ ಬರಲು ಇಪ್ಪತ್ತೈದು ವರ್ಷಗಳಿಗೂ ಹೆಚ್ಚು ಕಾಲ ಹಿಡಿಯಿತು.

ಅಮೆರಿಕದ ಪೂರ್ವನಿದರ್ಶನ

ಲಿಂಕನ್ 1863ರ ಜನವರಿ 1ರಂದು ಹೊರಡಿಸಿದ ಘೋಷಣೆಯು ಸೇನೆಯ ಮಹಾದಂಡನಾಯಕನಾಗಿ ಅಧ್ಯಕ್ಷನಿಗಿದ್ದ ಯುದ್ಧಕಾಲದ ಅಧಿಕಾರವನ್ನು ಆಧರಿಸಿತ್ತು. ಆದುದರಿಂದ ಅದು ದಂಗೆಯೆದ್ದ ಪ್ರದೇಶಗಳಿಗೆ ಮಾತ್ರ ಅನ್ವಯಿಸಿತು. ಒಕ್ಕೂಟದಲ್ಲೇ ಉಳಿದ ಕೆಂಟಕಿ, ಡೆಲವೇರ್ ಮುಂತಾದ ರಾಜ್ಯಗಳ ಗುಲಾಮರಿಗೆ ಅದರಿಂದ ಬಿಡುಗಡೆ ದೊರೆಯಲಿಲ್ಲ. ಯುದ್ಧ ಮುಗಿದ ಮೇಲೆ ಘೋಷಣೆಯ ಬಲ ಉಳಿಯುವುದೇ ಎಂಬ ಸಂದೇಹವೂ ಇದ್ದುದರಿಂದ ಲಿಂಕನ್ ಸಂವಿಧಾನ ತಿದ್ದುಪಡಿಗೆ ಒತ್ತು ನೀಡಿದನು. 13ನೆಯ ತಿದ್ದುಪಡಿಯು 1865ರ ಜನವರಿಯಲ್ಲಿ ಪ್ರತಿನಿಧಿ ಸಭೆಯ ಒಪ್ಪಿಗೆ ಪಡೆಯಿತು. ಅದು ಡಿಸೆಂಬರಿನಲ್ಲಿ ರಾಜ್ಯಗಳಿಂದ ಅನುಮೋದನೆಗೊಳ್ಳುವ ಹೊತ್ತಿಗೆ ಲಿಂಕನ್‌ನ ಹತ್ಯೆಯಾಗಿತ್ತು.

ಬಿಡುಗಡೆಯಾದವರಲ್ಲಿ ಹೆಚ್ಚಿನವರಿಗೆ ಭೂಮಿ ದೊರೆಯಲಿಲ್ಲ. ಅವರಲ್ಲಿ ಹಲವರು ಹಳೆಯ ಮಾಲೀಕರ ಹೊಲಗಳನ್ನೇ ಪಾಲಿಗೆ ಮಾಡಿ, ಬೀಜ ಮತ್ತು ದಿನಸಿಗಾಗಿ ಸಾಲ ಪಡೆದು ಮತ್ತೆ ಋಣಕ್ಕೆ ಸಿಲುಕಿದರು. ಗುಲಾಮಗಿರಿ ಅಳಿದ ನೆಲದಲ್ಲಿ ಸಾಲದ ಬಂಧನ ಬೆಳೆದ ಈ ಅನುಭವವು ಭಾರತದ ಜೀತ ಸಮಸ್ಯೆಗೆ ಬಹಳ ಹತ್ತಿರವಾದುದು.

1975ರ ಸುಗ್ರೀವಾಜ್ಞೆ

1975ರ ಜೂನ್ 25ರಂದು ತುರ್ತು ಪರಿಸ್ಥಿತಿ ಘೋಷಣೆಯಾಯಿತು. ಜುಲೈ 1ರಂದು ಪ್ರಧಾನಿ ಇಂದಿರಾ ಗಾಂಧಿಯವರು ಪ್ರಕಟಿಸಿದ 20 ಅಂಶಗಳ ಕಾರ್ಯಕ್ರಮದಲ್ಲಿ ಜೀತದ ರದ್ದತಿಯೂ ಸೇರಿತ್ತು. ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹ್ಮದ್ ಅವರು ಅಕ್ಟೋಬರಿನಲ್ಲಿ ಸುಗ್ರೀವಾಜ್ಞೆ ಹೊರಡಿಸಿದರು. ಅದರ ಸ್ಥಾನದಲ್ಲಿ ಬಂದ ಕಾಯಿದೆಗೆ 1976ರ ಫೆಬ್ರವರಿ 9ರಂದು ಅಂಕಿತ ದೊರೆಯಿತು. ನಾಗರಿಕ ಹಕ್ಕುಗಳು ಮೊಟಕುಗೊಂಡಿದ್ದ ಕಾಲದಲ್ಲೇ ಜೀತದಾಳುಗಳ ಸ್ವಾತಂತ್ರ್ಯವು ಆದೇಶದ ಮೂಲಕ ಘೋಷಿತವಾಯಿತು. ತುರ್ತು ಪರಿಸ್ಥಿತಿ 1977ರಲ್ಲಿ ಕೊನೆಗೊಂಡಿತು. ಸಂಸತ್ತಿನ ಒಪ್ಪಿಗೆ ಪಡೆದಿದ್ದ ಕಾಯಿದೆ ಉಳಿಯಿತು.

ಕರ್ನಾಟಕದಲ್ಲಿ ಆಗ ಡಿ. ದೇವರಾಜ ಅರಸು ಮುಖ್ಯಮಂತ್ರಿಯಾಗಿದ್ದರು. ಗೇಣಿ ಜಮೀನುಗಳನ್ನು ಸರ್ಕಾರದಲ್ಲಿ ನಿಹಿತಗೊಳಿಸಿದ ಭೂಸುಧಾರಣಾ ತಿದ್ದುಪಡಿಯು 1974ರ ಮಾರ್ಚ್ 1ರಿಂದ ಜಾರಿಯಲ್ಲಿತ್ತು. 1976ರಲ್ಲಿ ಋಣ ಪರಿಹಾರ ಕಾಯಿದೆಯೂ ಬಂದಿತು. ಭೂಸುಧಾರಣೆಯ ಪ್ರಯೋಜನವು ಮುಖ್ಯವಾಗಿ ಗೇಣಿದಾರರಿಗೆ ದೊರೆಯಿತು. ಗೇಣಿಯೂ ಇಲ್ಲದೆ ಒಡೆಯನ ಹೊಲದಲ್ಲಿ ಆಳಾಗಿ ದುಡಿಯುತ್ತಿದ್ದವರಿಗೆ ಜೀತ ರದ್ದತಿ ಕಾಯಿದೆಯೇ ಮುಖ್ಯ ಆಸರೆಯಾಯಿತು.

ಕಾಯಿದೆಯ ಮುಖ್ಯಾಂಶಗಳು

ದೇಶದ ನಾನಾ ಭಾಗಗಳಲ್ಲಿ ಬಳಕೆಯಲ್ಲಿದ್ದ ಪದ್ಧತಿಗಳ ಹೆಸರುಗಳನ್ನು ಕಾಯಿದೆಯ ವ್ಯಾಖ್ಯೆಯು ಪಟ್ಟಿ ಮಾಡುತ್ತದೆ. ಅವುಗಳಲ್ಲಿ ‘ಜೀತ’, ‘ಹೊಲ್ಯ’ ಮತ್ತು ‘ಭಾಗೇಲ’ ಸೇರಿವೆ. ಇತರ ಮುಖ್ಯ ಅಂಶಗಳು ಇಂತಿವೆ:

• ಜೀತದಾಳುಗಳೆಲ್ಲರೂ ದುಡಿಮೆಯ ಹೊಣೆಯಿಂದ ಮುಕ್ತರು. ಜೀತಕ್ಕೆ ಸಂಬಂಧಿಸಿದ ರೂಢಿ ಮತ್ತು ಕರಾರುಗಳು ಅಸಿಂಧು.
• ಜೀತದ ಸಾಲವನ್ನು ತೀರಿಸುವ ಹೊಣೆ ಇಲ್ಲವಾಗುತ್ತದೆ. ಅಂತಹ ಸಾಲಕ್ಕೆ ಮರುಪಾವತಿ ಪಡೆಯುವುದು ಅಪರಾಧ.
• ಬಿಡುಗಡೆಯಾದವರನ್ನು ಅವರು ವಾಸವಿದ್ದ ಮನೆಯಿಂದ ಒಕ್ಕಲೆಬ್ಬಿಸುವಂತಿಲ್ಲ.
• ಸಾಲವು ಜೀತದ ಸಾಲವೆಂದು ದುಡಿಯುವವನು ಹೇಳಿದಾಗ, ಅದು ಹಾಗಲ್ಲವೆಂದು ರುಜುವಾತುಪಡಿಸುವ ಹೊಣೆ ಸಾಲಿಗನದು.
• ಜೀತಕ್ಕೆ ಇರಿಸಿಕೊಂಡವರಿಗೆ ಮೂರು ವರ್ಷಗಳವರೆಗೆ ಸೆರೆವಾಸ ಮತ್ತು 2,000 ರೂಪಾಯಿವರೆಗೆ ದಂಡ.
• ಜಿಲ್ಲೆ ಮತ್ತು ಉಪವಿಭಾಗ ಮಟ್ಟದಲ್ಲಿ ಜಾಗೃತಿ ಸಮಿತಿಗಳ ರಚನೆ.

ನ್ಯಾಯಾಲಯದ ತೀರ್ಪುಗಳು

ಏಷ್ಯನ್ ಕ್ರೀಡಾಕೂಟದ ಕಾಮಗಾರಿಗಳ ಕಾರ್ಮಿಕರ ಪ್ರಕರಣದಲ್ಲಿ (1982) ಸರ್ವೋಚ್ಚ ನ್ಯಾಯಾಲಯವು, ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸುವುದೂ 23ನೆಯ ವಿಧಿಯ ಅರ್ಥದಲ್ಲಿ ಬಲವಂತದ ದುಡಿಮೆಯೆಂದು ಹೇಳಿತು. ಹಸಿವು ಮತ್ತು ಬಡತನಗಳ ಒತ್ತಡವೂ ಬಲವಂತವೇ ಎಂಬುದು ಅದರ ನಿಲುವು. ಬಂಧುವಾ ಮುಕ್ತಿ ಮೋರ್ಚಾ ಪ್ರಕರಣದಲ್ಲಿ, ಬಲವಂತದ ದುಡಿಮೆ ಕಂಡುಬಂದಲ್ಲಿ ಅದರ ಹಿಂದೆ ಮುಂಗಡ ಅಥವಾ ಬೇರೆ ಆರ್ಥಿಕ ಪ್ರತಿಫಲ ಇದೆಯೆಂದೇ ಭಾವಿಸಬೇಕೆಂದು ತಿಳಿಸಿತು. ನೀರಜಾ ಚೌಧರಿ ಪ್ರಕರಣದಲ್ಲಿ (1984) ಗುರುತಿಸುವಿಕೆ ಮತ್ತು ಬಿಡುಗಡೆಗಳ ಹಿಂದೆಯೇ ಪುನರ್ವಸತಿ ಆಗದಿದ್ದರೆ ಕಾಯಿದೆಯ ಉದ್ದೇಶ ವಿಫಲವಾಗುತ್ತದೆಂದು ಎಚ್ಚರಿಸಿತು.

ಅನುಷ್ಠಾನ

ಸರ್ಕಾರದ ಅಂಕಿಅಂಶಗಳ ಪ್ರಕಾರ ಕರ್ನಾಟಕದಲ್ಲಿ 63,000ಕ್ಕೂ ಹೆಚ್ಚು ಜೀತದಾಳುಗಳನ್ನು ಗುರುತಿಸಿ ಬಿಡುಗಡೆ ಮಾಡಲಾಗಿದ್ದು, ರಾಜ್ಯವು ದೇಶದಲ್ಲಿ ಹೆಚ್ಚಿನ ಸಂಖ್ಯೆ ದಾಖಲಿಸಿದ ರಾಜ್ಯಗಳಲ್ಲೊಂದು. ಪುನರ್ವಸತಿಗಾಗಿ ಕೇಂದ್ರ ನೆರವಿನ ಯೋಜನೆ 1978ರಲ್ಲಿ ಆರಂಭವಾಯಿತು. 2016ರ ಪರಿಷ್ಕರಣೆಯು ನೆರವಿನ ಮೊತ್ತವನ್ನು ವಯಸ್ಕ ಪುರುಷರಿಗೆ 1 ಲಕ್ಷ, ಮಹಿಳೆಯರು ಮತ್ತು ಮಕ್ಕಳಿಗೆ 2 ಲಕ್ಷ ಹಾಗೂ ತೀವ್ರ ಶೋಷಣೆಯ ಪ್ರಕರಣಗಳಲ್ಲಿ 3 ಲಕ್ಷ ರೂಪಾಯಿಗೆ ಏರಿಸಿತು. ಪೂರ್ಣ ಮೊತ್ತದ ಪಾವತಿಯನ್ನು ಆರೋಪಿಗೆ ಶಿಕ್ಷೆಯಾಗುವುದಕ್ಕೆ ಜೋಡಿಸಿರುವುದು ಟೀಕೆಗೆ ಗುರಿಯಾಗಿದೆ.

ನೆರವು ಪಡೆಯಲು ಬಿಡುಗಡೆ ಪತ್ರ ಬೇಕು. ಅದನ್ನು ನೀಡುವುದೆಂದರೆ ತನ್ನ ವ್ಯಾಪ್ತಿಯಲ್ಲಿ ಜೀತವಿದೆಯೆಂದು ಆಡಳಿತವೇ ಒಪ್ಪಿಕೊಂಡಂತೆ. ಗುರುತಿಸುವಿಕೆಯು ಅನುಷ್ಠಾನದ ಅತ್ಯಂತ ಕಠಿಣ ಹಂತವಾಗಿರುವುದಕ್ಕೆ ಇದೂ ಒಂದು ಕಾರಣ. ಜೀತ ವಿಮುಕ್ತಿ ಕರ್ನಾಟಕ (ಜೀವಿಕ) ಮೊದಲಾದ ಸಂಘಟನೆಗಳು ಗುರುತಿಸುವಿಕೆ ಮತ್ತು ಪುನರ್ವಸತಿಗಾಗಿ ಕೆಲಸ ಮಾಡಿವೆ. ಹೊಲಗದ್ದೆಗಳ ವಂಶಪಾರಂಪರ್ಯ ಜೀತ ಕಡಿಮೆಯಾಗಿದ್ದರೂ, ಇಟ್ಟಿಗೆ ಗೂಡು ಮತ್ತು ಕಲ್ಲುಗಣಿಗಳಲ್ಲಿ ಮುಂಗಡ ಹಣ ಕೊಟ್ಟು ವಲಸೆ ಕುಟುಂಬಗಳನ್ನು ಹಿಡಿದಿಡುವ ರೂಪದಲ್ಲಿ ಅದು ಕಾಣಿಸಿಕೊಳ್ಳುತ್ತದೆ.

ಸಾಹಿತ್ಯ ಮತ್ತು ಚಲನಚಿತ್ರ

ಶಿವರಾಮ ಕಾರಂತರ ‘ಚೋಮನ ದುಡಿ’ (1933) ಕಾದಂಬರಿಯ ನಾಯಕ ಚೋಮನು ಸ್ವಂತ ಬೇಸಾಯದ ಆಸೆ ಹೊತ್ತ ದಲಿತ ಜೀತಗಾರ. ಎಸ್ಟೇಟಿನ ಸಾಲ ತೀರಿಸಲು ಅವನ ಮಕ್ಕಳು ದುಡಿಯಬೇಕಾಗುತ್ತದೆ. ಬಿ. ವಿ. ಕಾರಂತ ನಿರ್ದೇಶನದ ಇದೇ ಹೆಸರಿನ ಚಲನಚಿತ್ರವು ಸುಗ್ರೀವಾಜ್ಞೆ ಬಂದ 1975ರ ವರ್ಷದ ಅತ್ಯುತ್ತಮ ಚಿತ್ರವೆಂದು ರಾಷ್ಟ್ರ ಪ್ರಶಸ್ತಿ ಪಡೆಯಿತು.

ಇವನ್ನೂ ನೋಡಿ

• ಅಬ್ರಹಾಂ ಲಿಂಕನ್
• ಡಿ. ದೇವರಾಜ ಅರಸು
• ಭಾರತದ ತುರ್ತು ಪರಿಸ್ಥಿತಿ
• ಚೋಮನ ದುಡಿ