ತವರಿನ ಪಾಲಿನಿಂದ ಗಂಡನ ಸಂಬಳದವರೆಗೆ: ಉಡುಪಿಯಲ್ಲಿ ಜೀವನಾಂಶ ಬೆಳೆದ ದಾರಿ

ನೂರು ವರ್ಷದ ಹಿಂದೆ ಕಾಪು, ಕಾರ್ಕಳ, ಉಡುಪಿ ಸೀಮೆಯ ಅಳಿಯಕಟ್ಟಿನ ಮನೆತನದ ಹೆಂಗಸು ಗಂಡನನ್ನು ಬಿಟ್ಟರೆ ಸೀದಾ ಹುಟ್ಟಿದ ಮನೆಗೆ ಬರುತ್ತಿದ್ದಳು. ಜೊತೆಗೆ ಮಕ್ಕಳೂ ಬರುತ್ತಿದ್ದರು, ಏಕೆಂದರೆ ಮಕ್ಕಳು ಅವಳ ಕುಟುಂಬದವರು, ಅವಳ ಬಳಿಯವರು, ಅಂದರೆ ತಾಯಿಯ ವಂಶದವರು. ಆ ಮನೆಯಲ್ಲಿ ಅವಳು ಅಣ್ಣನ ಔದಾರ್ಯಕ್ಕೆ ಕೈಚಾಚಿ ನಿಂತ ನೆಂಟಳಾಗಿರಲಿಲ್ಲ. ಕುಟುಂಬದ ಆಸ್ತಿ ಹೆಣ್ಣಿನ ಬಳ್ಳಿಯಲ್ಲೇ ಇಳಿದು ಬಂದದ್ದು, ಅದರ ಬೇರು ಅವಳೇ. ಗದ್ದೆಯ ಅಕ್ಕಿ ಉಣ್ಣುವುದಕ್ಕೆ ಅವಳಿಗೆ ಯಾವ ನ್ಯಾಯಾಧೀಶರ ಆದೇಶವೂ ಬೇಕಿರಲಿಲ್ಲ.

ಇಂದು ಅದೇ ಊರುಗಳ ಹೆಣ್ಣುಮಕ್ಕಳು ಉಡುಪಿಯ ನ್ಯಾಯಾಲಯದ ಮೊಗಸಾಲೆಯಲ್ಲಿ ಕಡತ ಹಿಡಿದು, ಮೈಂಟೆನೆನ್ಸ್ ಕೇಸಿನ ಮುಂದಿನ ತಾರೀಕಿಗೆ ಕಾಯುತ್ತಾರೆ. ನಡುವೆ ಏನಾಯಿತು ಎಂಬುದನ್ನು ತಿಳಿಯದೆ ಇಲ್ಲಿನ ಜೀವನಾಂಶದ ಮಾತು ಅರ್ಥವಾಗುವುದಿಲ್ಲ.

ಆಸ್ತಿ ಹೆಣ್ಣಿನ ಬಳ್ಳಿಯಲ್ಲಿ ಇಳಿಯುವ ಈ ಅಳಿಯಕಟ್ಟಿನ, ಅಂದರೆ ಅಳಿಯಸಂತಾನದ ಹುಟ್ಟನ್ನು ನಮ್ಮ ಕಡೆ ಬಾರ್ಕೂರಿನ ಅರಸ ಭೂತಾಳ ಪಾಂಡ್ಯನಿಗೆ ಕಟ್ಟಿ ಹೇಳುತ್ತಾರೆ. ಕಥೆ ಹೇಗೇ ಇರಲಿ, ಬಂಟರು, ಬಿಲ್ಲವರು, ಮೊಗವೀರರು, ಜೈನರಲ್ಲಿ ಹಲವರು ಈ ಕಟ್ಟಿನಲ್ಲಿ ಬದುಕಿದ್ದು ಇತಿಹಾಸ. ಶಿವಳ್ಳಿ ಬ್ರಾಹ್ಮಣರು, ಗೌಡ ಸಾರಸ್ವತರು ತಂದೆಯ ಬಳ್ಳಿಯ ಮಕ್ಕಳಸಂತಾನದವರು. ಅಲ್ಲಿ ಹೆಂಡತಿಯ ಅನ್ನದ ಹೊಣೆ ಗಂಡನ ಮನೆಯದು. ಒಂದೇ ಊರಿನ ಎರಡು ಕೇರಿಗಳಲ್ಲಿ ಎರಡು ನ್ಯಾಯ. ಅಳಿಯಕಟ್ಟಿನ ಮದುವೆಯನ್ನು ಯಾವ ಚೌಕಟ್ಟಿಗೆ ಸೇರಿಸಬೇಕೆಂದು ಬ್ರಿಟಿಷ್ ನ್ಯಾಯಾಲಯಗಳಿಗೆ ತಿಳಿಯಲಿಲ್ಲ. ಗಂಡನಿಗೆ ಹೆಂಡತಿಯ ಆಸ್ತಿಯಿಲ್ಲ, ಹೆಂಡತಿಗೆ ಗಂಡನ ಆಸ್ತಿಯಿಲ್ಲ, ಇಬ್ಬರೂ ಇಷ್ಟಪಟ್ಟಾಗ ಬಿಡಬಹುದು ಎಂದಮೇಲೆ ಇದನ್ನು ಕಾನೂನಿನ ಅರ್ಥದ ಮದುವೆ ಎನ್ನಲು ಅವು ಹಿಂಜರಿದವು. ಆಸ್ತಿಯ ವಿಷಯದಲ್ಲಿ ಮಾತ್ರ ಮದ್ರಾಸ್ ಹೈಕೋರ್ಟ್ ಬಿಗಿಯಾಗಿತ್ತು. ಕುಟುಂಬದ ಆಸ್ತಿಯನ್ನು ಒಬ್ಬ ಸದಸ್ಯ ಬಲವಂತವಾಗಿ ಪಾಲು ಮಾಡಿಸುವಂತಿಲ್ಲ ಎಂದು 1863ರಲ್ಲೇ ಹೇಳಿತು. ಹೆಣ್ಣಿನ ಅನ್ನ ಸುರಕ್ಷಿತವಾಗಿದ್ದುದು ಆ ಪಾಲಾಗದ ಆಸ್ತಿಯೊಳಗೆ.

ಹಾಗೆಂದು ಹಿಂದಿನದೆಲ್ಲ ಚೆನ್ನಾಗಿತ್ತು ಎಂದು ನಾನು ಹೇಳಲಾರೆ. ಎಜಮಾನ್ತಿಯರು ಇದ್ದರೂ ಹೆಚ್ಚಿನ ಮನೆಗಳಲ್ಲಿ ಕೀಲಿಕೈ ಸೋದರಮಾವನ ಸೊಂಟದಲ್ಲಿತ್ತು. ಯಜಮಾನ ಒಳ್ಳೆಯವನಾದರೆ ಅನ್ನ, ಕೆಟ್ಟವನಾದರೆ ಜಗಳ. ಆದರೂ ತಲೆಯ ಮೇಲೊಂದು ಸೂರು ಹಕ್ಕಾಗಿ ಇತ್ತು.

ಆ ಕಟ್ಟು ಸಡಿಲವಾದದ್ದು ಮೂರು ಪೆಟ್ಟಿನಲ್ಲಿ. ಮೊದಲನೆಯದು 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ. ಅದು ಈ ಮದುವೆಗಳಿಗೆ ಕಾನೂನಿನ ಮಾನ್ಯತೆ ಕೊಟ್ಟು, ವಿಚ್ಛೇದನವನ್ನೂ ಜೀವನಾಂಶವನ್ನೂ ಬರಹಕ್ಕಿಳಿಸಿತು. ಅದೇ ಕಾಯ್ದೆ ಕುಟುಂಬದ ಕವರುಗಳು, ಅಂದರೆ ಹೆಣ್ಣಿನ ಕಡೆಯ ಕವಲುಗಳು, ಪಾಲು ಕೇಳಬಹುದೆಂದೂ ಹೇಳಿತು. ಒಂದು ಕೈಯಲ್ಲಿ ಗಂಡನ ಮೇಲೆ ಹಕ್ಕು, ಇನ್ನೊಂದು ಕೈಯಲ್ಲಿ ತವರಿನ ವಿಭಜನೆ. ಎರಡನೆಯ ಪೆಟ್ಟು 1955ರ ಹಿಂದೂ ವಿವಾಹ ಕಾಯ್ದೆ ಮತ್ತು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ. ಗಂಡಸು ಸತ್ತರೆ ಅವನ ಪಾಲು ಸೋದರಿಯ ಮಕ್ಕಳಿಗೆ ಹೋಗದೆ ಅವನದೇ ಹೆಂಡತಿ ಮಕ್ಕಳ ಕಡೆ ಹರಿಯತೊಡಗಿತು. ಆಗ ಉಡುಪಿಯನ್ನೂ ಒಳಗೊಂಡಿದ್ದ ದಕ್ಷಿಣ ಕನ್ನಡ ಮದ್ರಾಸನ್ನು ಬಿಟ್ಟು ಮೈಸೂರು ರಾಜ್ಯ ಸೇರಿದ್ದೂ ಅದೇ 1956ರ ನವೆಂಬರ್ 1ರಂದು.

ಮೂರನೆಯದನ್ನು ಜೀವನಾಂಶದ ಚರ್ಚೆಯಲ್ಲಿ ಯಾರೂ ಎತ್ತುವುದಿಲ್ಲ, ನನಗೆ ಅದೇ ದೊಡ್ಡದು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆ. ಉಳುವವನೇ ಒಡೆಯನಾದ, ಶತಮಾನಗಳ ಅನ್ಯಾಯಕ್ಕೆ ಅದು ಉತ್ತರವಾಗಿತ್ತು, ಆಗಲೇಬೇಕಿತ್ತು. ಆದರೆ ಗೇಣಿಯ ಅಕ್ಕಿ ನಿಂತ ಭೂಒಡೆಯರ ಗುತ್ತುಮನೆಯಲ್ಲಿ, ಮರಳಿ ಬಂದ ಮಗಳಿಗೆ ಉಳಿದದ್ದು ಚಾವಡಿಯ ಕಂಬಗಳು. ಒಕ್ಕಲಿನ ಮನೆಯಲ್ಲೂ ಗೇಣಿ ಜಮೀನಿನ ಹಕ್ಕು ಕೇಳುವ ಡಿಕ್ಲರೇಶನ್ ಅರ್ಜಿ ಗಂಡಸಿನ ಹೆಸರಲ್ಲಿ ಹೋದಲ್ಲಿ, ಭೂ ಟ್ರಿಬ್ಯೂನಲ್ ಕೊಟ್ಟ ಹಕ್ಕುಪತ್ರದಲ್ಲಿ ಅವನೊಬ್ಬನ ಹೆಸರೇ ಬಂತು. ಮನೆಯ ಹೆಣ್ಣುಮಕ್ಕಳು ತಮ್ಮ ಪಾಲನ್ನು ಆಮೇಲೆ ಸಿವಿಲ್ ದಾವೆ ಹೂಡಿ ಸಾಬೀತು ಮಾಡಬೇಕಾಯಿತು. ಹೀಗೆ ಇಲ್ಲಿನ ಹೆಣ್ಣಿನ ಪಾಲಿಗೆ ಜೀವನಾಂಶ, ಕಳೆದುಹೋದ ಒಂದು ಆಸ್ತಿ ಹಕ್ಕಿನ ಜಾಗದಲ್ಲಿ ಬಂದು ಕೂತದ್ದು. ಅದನ್ನು ಭಿಕ್ಷೆ ಎಂದು ಮಾತಾಡುವವರನ್ನು ಕಂಡರೆ ನನಗೆ ನೋವಾಗುತ್ತದೆ.

ಕಾನೂನು ತಾನೇ ಆರಂಭದಲ್ಲಿ ಭಿಕ್ಷೆಯ ಲೆಕ್ಕದಲ್ಲೇ ಯೋಚಿಸಿತ್ತು ಎಂಬುದೂ ನಿಜ. 1898ರ ಕ್ರಿಮಿನಲ್ ಪ್ರೊಸೀಜರ್ ಕೋಡ್‌ನ 488ನೇ ಕಲಮಿನಲ್ಲಿ ಮ್ಯಾಜಿಸ್ಟ್ರೇಟರು ಕೊಡಿಸಬಹುದಾಗಿದ್ದ ಗರಿಷ್ಠ ಮೊತ್ತ ತಿಂಗಳಿಗೆ 50 ರೂಪಾಯಿ. 1923ರಲ್ಲಿ 100 ಆಯಿತು, 1955ರಲ್ಲಿ 500. 1973ರ ಸಂಹಿತೆಯ 125ನೇ ಕಲಂ ವಿಚ್ಛೇದಿತ ಹೆಂಡತಿಯನ್ನೂ ಒಳಗೆ ತಂದಿತು, ಆದರೆ 500ರ ಗೆರೆಯನ್ನು ಅಳಿಸಲಿಲ್ಲ. ಅದು ಅಳಿದದ್ದು 2001ರಲ್ಲಿ. ಬೆಲೆಗಳು ಎಲ್ಲಿಗೆ ಹೋದರೂ ಹೆಣ್ಣಿನ ಹೊಟ್ಟೆ ಮಾತ್ರ 46 ವರ್ಷ ಅದೇ ಐನೂರಕ್ಕೆ ನಿಂತಿತ್ತು. ಕ್ರೈಸ್ತರಿಗೆ 1869ರ ವಿಚ್ಛೇದನ ಕಾಯ್ದೆ ಇನ್ನೊಂದು ಬೇಲಿ ಹಾಕಿತ್ತು: ಕೇಸು ನಡೆಯುವಾಗಿನ ಜೀವನಾಂಶ ಗಂಡನ ಆದಾಯದ ಐದನೇ ಒಂದು ಭಾಗವನ್ನು ಮೀರಬಾರದು. ಅದೂ 2001ರಲ್ಲೇ ಹೋಯಿತು. ಮುಸ್ಲಿಂ ವಿಚ್ಛೇದಿತೆಯೂ 125ನೇ ಕಲಮಿನಲ್ಲಿ ಕೇಳಬಹುದೆಂದು ಸುಪ್ರೀಂ ಕೋರ್ಟ್ 2024ರ ಜುಲೈ 10ರಂದು ಖಚಿತಪಡಿಸಿತು. ಅದೇ ತಿಂಗಳ 1ರಿಂದ ಆ ಕಲಂ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 144 ಆಗಿದೆ.

ಮಿತಿ ಹೋದಮೇಲೆ ಮೊತ್ತವನ್ನು ಹೇಗೆ ಗೊತ್ತುಮಾಡುವುದು? ಸಂಬಳದ ಕಾಲು ಭಾಗ ಎಂಬ ಮಾತು ವಕೀಲರ ಬಾಯಲ್ಲಿ ಓಡಾಡುತ್ತದೆ. ಸುಪ್ರೀಂ ಕೋರ್ಟ್ 2017ರ ಒಂದು ತೀರ್ಪಿನಲ್ಲಿ ನಿವ್ವಳ ಸಂಬಳದ ಶೇಕಡಾ 25 ನ್ಯಾಯವೆಂದದ್ದು ನಿಜ. ಕಾಯ್ದೆಯಲ್ಲಿ ಅಂಥ ಸೂತ್ರವಿಲ್ಲ. ಹಿಂದೂ ವಿವಾಹ ಕಾಯ್ದೆಯ 24ನೇ ಕಲಂ ಕೇಸು ನಡೆಯುವಾಗಿನ ಖರ್ಚಿಗೆ, 25ನೇ ಕಲಂ ಶಾಶ್ವತ ಜೀವನಾಂಶಕ್ಕೆ. ಎರಡರಲ್ಲೂ ಗಂಡನೂ ಕೇಳಬಹುದು. ಇಬ್ಬರ ಆದಾಯ, ಆಸ್ತಿ, ನಡವಳಿಕೆ, ಉಳಿದ ಸಂದರ್ಭ ಇಷ್ಟನ್ನು ನೋಡಿ ಎಂದು ಕಾಯ್ದೆ ಹೇಳಿ ಸುಮ್ಮನಾಗುತ್ತದೆ. ಅದಕ್ಕೆ ಮೈ ತುಂಬಿದ್ದು ನ್ಯಾಯಮೂರ್ತಿಗಳಾದ ಇಂದು ಮಲ್ಹೋತ್ರಾ ಮತ್ತು ಆರ್. ಸುಭಾಷ್ ರೆಡ್ಡಿ 2020ರ ನವೆಂಬರ್ 4ರಂದು ಕೊಟ್ಟ ತೀರ್ಪು. ಮದುವೆ ಎಷ್ಟು ವರ್ಷದ್ದು, ವಯಸ್ಸೆಷ್ಟು, ಮಕ್ಕಳಿಗಾಗಿ ಕೆಲಸ ಬಿಟ್ಟವರು ಯಾರು, ಇರಲು ಮನೆಯಿದೆಯೇ, ಇಬ್ಬರೂ ಬದುಕಿದ ಮಟ್ಟ ಯಾವುದು, ಇದೆಲ್ಲ ಲೆಕ್ಕಕ್ಕೆ ಬರಬೇಕು. ಮೊತ್ತ ಅರ್ಜಿ ಹಾಕಿದ ದಿನದಿಂದಲೇ ಸಲ್ಲಬೇಕು. ಇಬ್ಬರೂ ಆಸ್ತಿ, ಆದಾಯ, ಸಾಲದ ಅಫಿಡವಿಟ್ ಕೊಡಬೇಕು.

ಉಡುಪಿಯಂಥ ಊರಿಗೆ ಈ ಅಫಿಡವಿಟ್ಟೇ ಮುಖ್ಯ. ಇಲ್ಲಿನ ಗಂಡಸಿನ ದುಡಿಮೆ ಊರಲ್ಲೇ ಇರುವುದಿಲ್ಲ. ಒಬ್ಬನದು ದುಬೈಯಲ್ಲಿ, ಮತ್ತೊಬ್ಬನದು ಮುಂಬೈ ಹೋಟೆಲಿನ ಪಾಲುದಾರಿಕೆಯಲ್ಲಿ, ಮಗದೊಬ್ಬನದು ಮಲ್ಪೆಯ ಬೋಟಿನಲ್ಲಿ. ಸಂಬಳದ ಚೀಟಿ ಇಲ್ಲದ ಗಂಡ ‘ನನಗೇನೂ ಇಲ್ಲ’ ಎಂದರೆ ಹೆಂಡತಿ ಸಾಬೀತು ಮಾಡುವುದು ಹೇಗೆ? ಈಗ ಬ್ಯಾಂಕ್ ಖಾತೆ, ತೆರಿಗೆ ವಿವರ, ವ್ಯಾಪಾರದ ಪಾಲು ಎಲ್ಲವನ್ನೂ ಪ್ರಮಾಣ ಮಾಡಿ ಹೇಳಬೇಕು. ವಿದೇಶದಲ್ಲಿರುವವನು ಅಲ್ಲಿನ ಕರೆನ್ಸಿಯಲ್ಲಿ ಸಂಬಳ, ಖರ್ಚು ತೋರಿಸಬೇಕು. ಸುಳ್ಳು ಹೇಳಿದರೆ ಅದು ಬೇರೆಯೇ ಅಪರಾಧ.

ಹೆಂಡತಿಯ ದುಡಿಮೆಯ ಪ್ರಶ್ನೆಯೂ ಇದೆ. ಬೀಡಿ ಕಟ್ಟುವವಳಿಗೆ, ಕಾರ್ಕಳದ ಕಡೆ ಗೇರುಬೀಜದ ಫ್ಯಾಕ್ಟರಿಗೆ ಹೋಗುವವಳಿಗೆ ‘ನೀನು ದುಡಿಯುತ್ತೀಯಲ್ಲ’ ಎಂಬ ಪ್ರಶ್ನೆ ತಪ್ಪುವುದಿಲ್ಲ. ಬದುಕುಳಿಯಲು ಗಳಿಸಿದ ನಾಲ್ಕು ಕಾಸು ಜೀವನಾಂಶವನ್ನು ತಡೆಯುವುದಿಲ್ಲ ಎಂದು ಸುಪ್ರೀಂ ಕೋರ್ಟ್ ಒಂದಕ್ಕಿಂತ ಹೆಚ್ಚು ಬಾರಿ ಹೇಳಿದೆ. ಕರ್ನಾಟಕದಿಂದಲೇ ಹೋದ ಒಂದು ಪ್ರಕರಣದಲ್ಲಿ ಹೈಕೋರ್ಟ್ ಹೆಂಡತಿಯ ಮೊತ್ತವನ್ನು ಇಳಿಸಿತ್ತು. ದುಡಿಯುವ ಶಕ್ತಿ ಇರುವುದು ಬೇರೆ, ದುಡಿಯುತ್ತಿರುವುದು ಬೇರೆ ಎಂದು 2017ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಸರಿಪಡಿಸಿತು. ಮಣಿಪಾಲದಲ್ಲಿ ಓದಿ, ಗಂಡನ ಕೆಲಸದ ಹಿಂದೆ ಊರೂರು ಅಲೆದು, ಹತ್ತು ವರ್ಷದ ನಂತರ ಒಬ್ಬಳೇ ಮರಳಿದವಳಿಗೆ ಈ ಮಾತಿನ ಬೆಲೆ ಗೊತ್ತು. ಡಿಗ್ರಿ ಕೈಯಲ್ಲಿದ್ದ ಮಾತ್ರಕ್ಕೆ ಕಳೆದುಹೋದ ಅನುಭವದ ವರ್ಷಗಳು ತುಂಬುವುದಿಲ್ಲ.

ವಿಪರೀತ ಕೇಳುವವರೂ ಇದ್ದಾರೆ. 2024ರ ಆಗಸ್ಟಿನಲ್ಲಿ ಕರ್ನಾಟಕ ಹೈಕೋರ್ಟಿನ ಮುಂದೆ ತಿಂಗಳಿಗೆ 6 ಲಕ್ಷ ರೂಪಾಯಿಗೂ ಹೆಚ್ಚಿನ ಬೇಡಿಕೆ ಬಂದಾಗ ನ್ಯಾಯಮೂರ್ತಿಗಳು ಖಾರವಾಗಿಯೇ ಪ್ರಶ್ನಿಸಿದರು, ಆ ವಿಡಿಯೊ ಮನೆಮನೆ ತಲುಪಿತು. ಆದರೆ ಆ ಒಂದು ವಿಡಿಯೊದಿಂದ ಎಲ್ಲ ಅರ್ಜಿದಾರರನ್ನೂ ಅಳೆಯುವುದು ಅನ್ಯಾಯ. ಆದೇಶವಾದಮೇಲೂ ಮೊದಲ ತಿಂಗಳ ಹಣಕ್ಕೇ ಕಾದು ಕೂತವರು ವಿಡಿಯೊದಲ್ಲಿ ಕಾಣುವುದಿಲ್ಲ.

ವಸೂಲಿಯೇ ಈ ಹಾದಿಯ ಕೊನೆಯ ಏರು. ಕೊಡದಿದ್ದರೆ ಮ್ಯಾಜಿಸ್ಟ್ರೇಟರು ವಾರಂಟು ಹೊರಡಿಸಬಹುದು, ಬಾಕಿಯಾದ ಒಂದೊಂದು ತಿಂಗಳಿಗೂ ಒಂದು ತಿಂಗಳವರೆಗೆ ಜೈಲಿಗೆ ಕಳಿಸಬಹುದು. ಜೈಲಿಗೆ ಹೋಗಿ ಬಂದ ಮಾತ್ರಕ್ಕೆ ಬಾಕಿ ತೀರುವುದಿಲ್ಲ. ಹಿಂದೂ ವಿವಾಹ ಕಾಯ್ದೆಯ 25ನೇ ಕಲಮಿನಡಿ ಗಂಡನ ಮನೆ, ಜಾಗದ ಮೇಲೆಯೇ ಜೀವನಾಂಶದ ಭಾರ ಕೂರಿಸಬಹುದು. ತವರಿನ ನೆಲದ ಹಕ್ಕು ಕಳೆದುಕೊಂಡವಳಿಗೆ ಮತ್ತೆ ನೆಲದ ಆಸರೆ ಕೊಡುವ ಈ ಅವಕಾಶವನ್ನು ಅರ್ಜಿಯಲ್ಲೇ ಕೇಳಿಕೊಳ್ಳಬೇಕು, ವಕೀಲರಿಗೆ ಮೊದಲೇ ಹೇಳಬೇಕು. 144ನೇ ಕಲಮಿನ ಕೇಸಾದರೆ ಇನ್ನೊಂದು ಎಚ್ಚರ: ಪ್ರತಿ ತಿಂಗಳ ಬಾಕಿಗೂ ಅದು ಸಲ್ಲಬೇಕಾದ ದಿನದಿಂದ ಒಂದು ವರ್ಷದೊಳಗೆ ವಾರಂಟಿಗೆ ಅರ್ಜಿ ಹಾಕಬೇಕು. ಗಲ್ಫಿನಿಂದ ಅವನು ರಜೆಗೆ ಬರಲಿ, ಆಮೇಲೆ ನೋಡೋಣ ಎಂದು ಕಾಯುತ್ತಾ ಕೂತರೆ ಆ ವರ್ಷ ದಾಟಿಹೋಗುತ್ತದೆ.