ಕತ್ತಲ ಪೆಟ್ಟಿಗೆಗೆ ನುಸುಳುವ ಬೆಳಕು

ಲ್ಯಾಟಿನ್ ಭಾಷೆಯಲ್ಲಿ ಕ್ಯಾಮೆರಾ ಎಂದರೆ ಕೋಣೆ. ಫೋಟೊಗ್ರಫಿಗೆ ಬೇಕಾದದ್ದು ಕತ್ತಲ ಕೋಣೆ. ಬೆಳಕು ಲೆನ್ಸಿನ ಮುಂಬಾಗಿಲಿನಿಂದ, ನಾವು ಕರೆದಾಗ ಮಾತ್ರ, ಕ್ಷಣಕಾಲ ಬಂದು ಹೋಗಬೇಕು. ಅದು ಕಿಂಡಿಯಿಂದಲೋ ಸಂದಿಯಿಂದಲೋ ಕಳ್ಳನಂತೆ ನುಸುಳಿದರೆ ಫಿಲ್ಮಿನ ಮೇಲೆ ಬಿಳಿಯ ಇಲ್ಲವೇ ಕಿತ್ತಳೆಯ ಗೆರೆ, ಚುಕ್ಕೆ, ಮಸುಕು ಮೂಡುತ್ತವೆ.

ಡಿಜಿಟಲ್ ಕಾಲದಲ್ಲೂ ಅಟ್ಟದ ಮೇಲಿನ ಹಳೆಯ ಕ್ಯಾಮೆರಾ ಇಳಿಸಿ ರೀಲು ಹಾಕುವ ಹವ್ಯಾಸಿಗಳಿದ್ದಾರೆ. 36 ಚಿತ್ರಗಳ ಮೊದಲ ರೀಲು ಕಲೆಯಾಗಿ ಬಂದರೆ ಕೆಲವರು ಕ್ಯಾಮೆರಾವನ್ನು ಗುಜರಿಗೆ ಹಾಕುತ್ತಾರೆ. ಕೆಲವರು ಬೇಡದ ದುಬಾರಿ ರಿಪೇರಿಗೆ ಕೊಡುತ್ತಾರೆ. ಎರಡಕ್ಕೂ ಮೊದಲು ಮಾಡಬೇಕಾದ ಕೆಲಸ ಒಂದಿದೆ. ಕಳ್ಳ ಬಂದ ದಾರಿಯನ್ನು ಅವನ ಹೆಜ್ಜೆಗುರುತೇ ಹೇಳುವಂತೆ, ಬೆಳಕು ಸೋರಿದ ಜಾಗವನ್ನು ಫಿಲ್ಮಿನ ಕಲೆಯೇ ಹೇಳುತ್ತದೆ. ಅದನ್ನು ಓದಲು ಕಲಿಯಬೇಕು, ಅಷ್ಟೆ.

ರೇಂಜ್‌ಫೈಂಡರ್ ಕ್ಯಾಮೆರಾದಲ್ಲಿ ದೂರವನ್ನು ಅಳೆಯಲು ಎರಡು ಪುಟ್ಟ ಕಿಟಕಿಗಳಿರುತ್ತವೆ. ಅವುಗಳಿಂದ ಬರುವ ಎರಡು ಬಿಂಬಗಳು ಒಂದಾದಾಗ ಫೋಕಸ್ ಕೂಡಿತೆಂದು ಅರ್ಥ. ಜರ್ಮನಿಯ ವೆಟ್ಸ್‌ಲಾರ್ ಪಟ್ಟಣದಲ್ಲಿ ಆಸ್ಕರ್ ಬರ್ನಾಕ್ ರೂಪಿಸಿದ ಲೈಕಾ 1925ರಲ್ಲಿ ಲೈಪ್‌ಜಿಗ್ ಮೇಳದಲ್ಲಿ ಜನರ ಮುಂದೆ ಬಂತು. ಲೆನ್ಸಿನೊಡನೆ ಜೋಡಿಸಿದ ರೇಂಜ್‌ಫೈಂಡರ್ 1932ರ ಲೈಕಾ 2ರಲ್ಲಿ ಸೇರಿತು. ಇದರಲ್ಲಿ ಲೆನ್ಸಿಗೂ ಫಿಲ್ಮಿಗೂ ನಡುವೆ ಕನ್ನಡಿ ಇಲ್ಲ. ಇರುವುದು ರಬ್ಬರ್ ಲೇಪಿಸಿದ ಬಟ್ಟೆಯ ಎರಡು ಪರದೆಗಳು ಮಾತ್ರ. ಈ ಮಾತು ಮುಂದೆ ಉಪಯೋಗಕ್ಕೆ ಬರುತ್ತದೆ.

ಪತ್ತೆಯ ಮೊದಲ ಸೂತ್ರ: ಪ್ರಿಂಟನ್ನಲ್ಲ, ನೆಗೆಟಿವ್ ಪಟ್ಟಿಯನ್ನೇ ನೋಡಿ. ನೆಗೆಟಿವ್‌ನಲ್ಲಿ ಸೋರಿಕೆ ಕಪ್ಪಗೆ ಕಾಣುತ್ತದೆ. ಚಿತ್ರದ ಚೌಕ 24 ಮಿ.ಮೀ. ಎತ್ತರ, 36 ಮಿ.ಮೀ. ಅಗಲ. ಅದರ ಮೇಲೆ ಕೆಳಗೆ ಸಾಲು ತೂತುಗಳಿರುವ ಅಂಚುಗಳಿವೆ. ಲೆನ್ಸಿನ ದಾರಿಯಲ್ಲಿ ಬಂದ ಬೆಳಕು ಈ ಚೌಕದೊಳಗೇ ಬೀಳಬೇಕು. ಕಪ್ಪು ಕಲೆ ತೂತುಗಳ ಅಂಚಿಗೂ ಹಬ್ಬಿದ್ದರೆ ಬೆಳಕು ಹಿಂಬಾಗಿಲಿನಿಂದ ಬಂದಿದೆ. ಚೌಕದ ಗೆರೆ ದಾಟದೆ ನಿಂತಿದ್ದರೆ ಲೆನ್ಸ್ ಕೂರುವ ಜಾಗವನ್ನೋ ಪರದೆಯನ್ನೋ ಅನುಮಾನಿಸಬೇಕು.

ಮೊದಲು ಪರದೆಯ ವಿಚಾರ. ಮುಚ್ಚಳವಿಲ್ಲದ ಲೆನ್ಸನ್ನು ಸೂರ್ಯನ ಕಡೆ ತಿರುಗಿಸಿಟ್ಟರೆ ಅದು ಭೂತಗನ್ನಡಿಯಂತೆ ಕೆಲಸ ಮಾಡಿ ಬಟ್ಟೆಯನ್ನು ಸುಟ್ಟು ಸೂಜಿಮೊನೆಯಷ್ಟು ತೂತು ಮಾಡಬಲ್ಲದು. ಕನ್ನಡಿ ಅಡ್ಡವಿರುವ ಎಸ್‌ಎಲ್‌ಆರ್ ಕ್ಯಾಮೆರಾಗಳಿಗೆ ಈ ಭಯ ಕಡಿಮೆ. ವಯಸ್ಸಾದ ಬಟ್ಟೆ ತಾನಾಗಿ ಬಿರುಕು ಬಿಡುವುದೂ ಉಂಟು. ಕೀಲಿ ತಿರುಗಿಸಿ ಷಟರ್ ಸಿದ್ಧವಾಗಿದ್ದಾಗ ಫಿಲ್ಮನ್ನು ಮುಚ್ಚುವುದು ಮೊದಲ ಪರದೆ. ಚಿತ್ರ ತೆಗೆದ ಮೇಲೆ ಮುಚ್ಚುವುದು ಎರಡನೆಯದು. ಹಾಗಾಗಿ ಒಮ್ಮೆ ಷಟರ್ ಸಿದ್ಧಪಡಿಸಿ, ಇನ್ನೊಮ್ಮೆ ಒತ್ತಿದ ಮೇಲೆ, ಬಿಸಿಲು ಬಿದ್ದ ಗೋಡೆಯ ಕಡೆ ಐದೈದು ನಿಮಿಷ ಕ್ಯಾಮೆರಾ ಇಟ್ಟು ನೋಡಿದರೆ ಯಾವ ಪರದೆ ತೂತಾಗಿದೆ ಎಂಬುದು ತಿಳಿಯುತ್ತದೆ. ಷಟರ್ ಒತ್ತುವಾಗ ಮಾತ್ರ ಲೆನ್ಸಿಗೆ ಮುಚ್ಚಳವಿರಲಿ.

ಹಿಂಬಾಗಿಲಿನ ಕಥೆ ಬೇರೆ. 1966ರಲ್ಲಿ ಬಂದ ಜಪಾನಿನ ಯಾಶಿಕಾ ಎಲೆಕ್ಟ್ರೊ 35ರಂಥ ಕ್ಯಾಮೆರಾಗಳಲ್ಲಿ ಷಟರ್ ಲೆನ್ಸಿನೊಳಗೇ ಇದೆ. ಸುಡಲು ಬಟ್ಟೆಯ ಪರದೆಯಿಲ್ಲ. ಆದರೆ ಬಾಗಿಲಿನ ಸಂದು ಮುಚ್ಚಲು ಸ್ಪಂಜಿನ ಪಟ್ಟಿಗಳಿವೆ. ದಶಕಗಳು ಕಳೆದಂತೆ ಅವು ಹುಡಿಯಾಗುತ್ತವೆ, ಇಲ್ಲವೇ ಡಾಂಬರಿನಂತೆ ಅಂಟಾಗುತ್ತವೆ. ಬಣ್ಣದ ಫಿಲ್ಮಿನಲ್ಲಿ ಕೆಂಪಿಗೆ ಸ್ಪಂದಿಸುವ ಪದರ ತಳಕ್ಕೆ ಹತ್ತಿರವಿರುವುದರಿಂದ, ಬೆನ್ನ ಕಡೆಯಿಂದ ಬಿದ್ದ ಬೆಳಕು ಪ್ರಿಂಟಿನಲ್ಲಿ ಸಾಮಾನ್ಯವಾಗಿ ಕೆಂಪು, ಕಿತ್ತಳೆಯಾಗಿ ಕಾಣುತ್ತದೆ. ಲೆನ್ಸ್ ಬಿಂಬವನ್ನು ತಲೆಕೆಳಗಾಗಿ ಮೂಡಿಸುತ್ತದೆ ಎಂಬುದನ್ನೂ ಮರೆಯಬಾರದು: ಅಡ್ಡ ಹಿಡಿದು ತೆಗೆದ ಫೋಟೊದ ಕೆಳಗಡೆ ಪಟ್ಟೆ ಬಿದ್ದಿದ್ದರೆ ನೋಡಬೇಕಾದದ್ದು ಕ್ಯಾಮೆರಾದ ಮೇಲಂಚನ್ನು.

ಅನುಮಾನ ಖಚಿತವಾಗಲು ಬಾಗಿಲಿನ ಸಂದುಗಳಿಗೆ ಕಪ್ಪು ಟೇಪು ಅಂಟಿಸಿ ಅರ್ಧ ರೀಲು ತೆಗೆಯಿರಿ. ಕಲೆ ಮಾಯವಾದರೆ ಒಂದೊಂದೇ ಕಡೆಯ ಟೇಪು ಬಿಚ್ಚುತ್ತಾ ಚಿತ್ರದ ಸಂಖ್ಯೆ ಗುರುತಿಟ್ಟುಕೊಂಡರೆ ಸೋರುವ ಸಂದು ಸಿಕ್ಕಿಬೀಳುತ್ತದೆ. ಕಲೆಗಳೆಲ್ಲ ಸೋರಿಕೆಯಲ್ಲ ಎಂಬುದೂ ನೆನಪಿರಲಿ. ರೀಲಿನ ಮೊದಲ ಒಂದೆರಡು ಚಿತ್ರಗಳು ಮಾತ್ರ ಕೆಟ್ಟಿದ್ದರೆ ಬಿಸಿಲಲ್ಲಿ ರೀಲು ಹಾಕಿದ್ದೇ ಕಾರಣವಿರಬಹುದು. ಸೂರ್ಯನಿಗೆ ಎದುರಾಗಿ ತೆಗೆದ ಚಿತ್ರದಲ್ಲಷ್ಟೇ ಮಸುಕಿದ್ದರೆ ಅದು ಲೆನ್ಸಿನೊಳಗಿನ ಪ್ರತಿಫಲನ.

ಸ್ಪಂಜು ಕೆಟ್ಟಿದ್ದರೆ ಮರದ ಕಡ್ಡಿಗೆ ಸ್ಪಿರಿಟ್ ಸೋಕಿಸಿ ಹಳೆಯದನ್ನು ಕೆರೆದು, ಹುಡಿ ಒಳಗೆ ಬೀಳದಂತೆ ಒರೆಸಿ, ಹೊಸ ಕಪ್ಪು ಪಟ್ಟಿ ಅಂಟಿಸಿದರೆ ಸಾಕು. ಮನೆಯಲ್ಲೇ ಮಾಡಬಹುದಾದ ಕೆಲಸ. ಪರದೆ ಬದಲಿಸುವುದು ಮಾತ್ರ ನುರಿತವರ ಕೆಲಸ. ಕಾಯಿಲೆ ಯಾವುದೆಂದು ತಿಳಿಯದೆ ಔಷಧ ಕೊಂಡರೆ ಹಣವೂ ಹೋಗುತ್ತದೆ, ಕಾಯಿಲೆಯೂ ಉಳಿಯುತ್ತದೆ.

ಮದುವೆಯ ದಿನವೋ ಅಜ್ಜಿಯ ಎಂಬತ್ತನೆಯ ಹುಟ್ಟುಹಬ್ಬವೋ ಎರಡನೇ ಸಲ ಬರುವುದಿಲ್ಲ. ಬೆಳಕು ತಿಂದ ಚಿತ್ರವನ್ನು ಯಾವ ಸ್ಟುಡಿಯೊದವರೂ ಮರಳಿ ತರಲಾರರು. ಆದ್ದರಿಂದ ಹಳೆಯ ಕ್ಯಾಮೆರಾವನ್ನು ಸಮಾರಂಭಕ್ಕೆ ಒಯ್ಯುವ ಮುನ್ನ ಒಂದು ರೀಲನ್ನು ಹಿತ್ತಿಲ ಬಿಸಿಲಿನಲ್ಲಿ ಪರೀಕ್ಷೆಗಾಗಿಯೇ ಖರ್ಚು ಮಾಡುವುದು ಲೇಸು.