ಅಚ್ಚುಮೊಳೆಯೇ ಇಲ್ಲದ ಕಾಲದಲ್ಲಿ ಆಕೆ ಹೊರಡಿಸಿದ್ದು ಎಷ್ಟು ಪ್ರತಿ?

ಥಟ್ಟನೆ ಹೇಳಿ! ಕನ್ನಡದಲ್ಲಿ ಪುಸ್ತಕ ಹೊರಡಿಸಿದ ಹೆಂಗಸರು ಎಂದರೆ ನಿಮಗೆ ಯಾವ ಕಾಲ ನೆನಪಾಗುತ್ತದೆ?

ನೂರು ವರ್ಷದ ಹಿಂದೆ? ಇನ್ನೂ ಹಿಂದೆ ಹೋಗಿ. ಇನ್ನೂರು? ಊಹೂಂ. ಐನೂರು? ಅದೂ ಸಾಲದು!

ಸಾವಿರ ವರ್ಷದ ಹಿಂದೆ! ಹತ್ತನೆಯ ಶತಮಾನ!

ಚಿಕ್ಕಬಳ್ಳಾಪುರದ ಪಕ್ಕದ ನಂದಿಗ್ರಾಮಕ್ಕೆ ಹೋಗಿದ್ದೀರಲ್ಲ? ಅಲ್ಲಿನ ಭೋಗನಂದೀಶ್ವರ ಗುಡಿಯನ್ನು ಮೊದಲು ಕಟ್ಟಿಸಿದ್ದು ಬಾಣರ ರಾಣಿ ರತ್ನಾವಳಿ ಎನ್ನುತ್ತದೆ ಪುರಾತತ್ವ ಇಲಾಖೆ. ರಾಣಿಯರು ಗುಡಿ ಕಟ್ಟಿಸುವುದು ನಮಗೆ ಹೊಸದಲ್ಲ. ಆದರೆ ಪುಸ್ತಕ? ಅದೂ ಊರೂರಿಗೆ ಹಂಚುವಷ್ಟು?

ಆಕೆಯ ಹೆಸರು ಅತ್ತಿಮಬ್ಬೆ. ಚಾಲುಕ್ಯರ ದಂಡನಾಯಕ ನಾಗದೇವನ ಹೆಂಡತಿ. ತಂಗಿ ಗುಂಡಮಬ್ಬೆಯೂ ಅವನನ್ನೇ ಮದುವೆಯಾಗಿದ್ದಳು. ಗಂಡ ಸತ್ತ. ತಂಗಿ ಚಿತೆ ಏರಿದಳು. ಅಕ್ಕ ಏರಲಿಲ್ಲ! ಮಗನನ್ನು ಬೆಳೆಸಿದಳು. ಆಮೇಲೆ ಆಕೆ ಮಾಡಿದ್ದಿದೆಯಲ್ಲ, ಅದು ನನ್ನ ನಿದ್ದೆ ಕೆಡಿಸಿದೆ.

ಪೊನ್ನ ಕವಿಯ ‘ಶಾಂತಿಪುರಾಣ’ ಅವಳ ತವರಿನವರು ಬರೆಸಿದ ಕಾವ್ಯ. ತಂದೆ ಮಲ್ಲಪಯ್ಯ, ಅವನ ಸಹೋದರ ಪುನ್ನಮಯ್ಯ, ಇವರೇ ಅದರ ಪೋಷಕರು. ಅದರ ಪ್ರತಿ ಮಾಡಿಸಬೇಕು ಎಂದು ಅತ್ತಿಮಬ್ಬೆ ಹಟ ಹಿಡಿದಳು.

ಎಷ್ಟು ಪ್ರತಿ? ಊಹಿಸಿ. ಹತ್ತು? ಐವತ್ತು?

ತಡೆಯಿರಿ, ಮೊದಲು ಕೆಲಸ ನೋಡಿ. ಕಾಗದವಿಲ್ಲ. ಓಲೆಗರಿ ಒಣಗಿಸಬೇಕು, ಹದ ಮಾಡಬೇಕು, ಅಳತೆಗೆ ಕತ್ತರಿಸಬೇಕು. ಕಬ್ಬಿಣದ ಕಂಟದಿಂದ ಒಂದೊಂದೇ ಅಕ್ಷರ ಕೊರೆಯಬೇಕು. ಸ್ವಲ್ಪ ಒತ್ತಿದರೆ ಗರಿ ಸೀಳುತ್ತದೆ! ಕೊರೆದ ಮೇಲೆ ಮಸಿ ಸವರಿ ಒರೆಸಿದರೆ ಮಾತ್ರ ಅಕ್ಷರ ಕಣ್ಣಿಗೆ ಬೀಳುತ್ತದೆ. ತೂತಿಗೆ ದಾರ ಪೋಣಿಸಿ ಕಟ್ಟಬೇಕು. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುವವರಿಗೆ ಈ ತಾಳ್ಮೆ ಗೊತ್ತು, ಕೈ ತಪ್ಪಿದರೆ ಎಳೆ ಹೋಯಿತು! ಕಾವ್ಯವೇನು ಚಿಕ್ಕದೇ? ಹನ್ನೆರಡು ಆಶ್ವಾಸ! ಒಂದು ಪ್ರತಿ ಮುಗಿದರೆ ಇನ್ನೊಂದಕ್ಕೆ ಮತ್ತೆ ಮೊದಲ ಅಕ್ಷರದಿಂದಲೇ ಶುರು.

ಈಗ ಹೇಳುತ್ತೇನೆ. 1000 ಪ್ರತಿ!

ಸಾವಿರ! ಬರೆಸಿದಳು, ಹಂಚಿದಳು. ಮಾರಲಿಲ್ಲ, ದಾನ! ಜೈನರಿಗೆ ಅನ್ನದಷ್ಟೇ ದೊಡ್ಡದು ಶಾಸ್ತ್ರದಾನ.

ಅಳತೆಗೊಂದು ಸಂಖ್ಯೆ ಬೇಕೇ? ಜರ್ಮನಿಯ ಗುಟೆನ್‌ಬರ್ಗ್ ಯಂತ್ರದಲ್ಲಿ ಅಚ್ಚು ಹಾಕಿದ ಜಗತ್ಪ್ರಸಿದ್ಧ ಬೈಬಲ್, 1455ರ ಸುಮಾರಿನದು, ಹೆಚ್ಚುಕಡಿಮೆ 180 ಪ್ರತಿ! ನಮ್ಮ ಅತ್ತಿಮಬ್ಬೆ ಅದಕ್ಕಿಂತ ನಾಲ್ಕೂವರೆ ಶತಮಾನ ಮೊದಲು, ಯಂತ್ರವೇ ಇಲ್ಲದೆ, ಅದರ ಐದು ಪಟ್ಟಿಗೂ ಮೀರಿ!

ಅಷ್ಟಕ್ಕೇ ನಿಂತಳೇ? ರನ್ನನಿಂದ ‘ಅಜಿತಪುರಾಣ’ ಬರೆಸಿದಳು, 993ರಲ್ಲಿ. ಲಕ್ಕುಂಡಿಯಲ್ಲಿ ಬ್ರಹ್ಮಜಿನಾಲಯ ಕಟ್ಟಿಸಿದಳು. ಜನ ಕೊಟ್ಟ ಬಿರುದು? ದಾನಚಿಂತಾಮಣಿ! (ಚಿಂತಾಮಣಿಯವರೇ, ಹಿಗ್ಗಬೇಡಿ, ನಿಮ್ಮ ಊರಿನ ಹೆಸರು ಮರಾಠ ನಾಯಕ ಚಿಂತಾಮಣಿರಾಯನದು. ಆದರೂ ಹಿಗ್ಗಿದರೆ ನಾನೇನೂ ಅನ್ನುವುದಿಲ್ಲ.)

ಇನ್ನು ಒಂದೇ ನೆಗೆತಕ್ಕೆ ಇಪ್ಪತ್ತನೆಯ ಶತಮಾನ. ಕಪಿಲೆಯ ದಡದ ನಂಜನಗೂಡು. 1887ರಲ್ಲಿ ಹುಟ್ಟಿದ ತಿರುಮಲಾಂಬ, ಹದಿನಾಲ್ಕಕ್ಕೆ ವಿಧವೆ! ಮೂಲೆಯಲ್ಲಿ ಕೂರು ಎನ್ನುವ ಕಾಲ. ಆಕೆ ಕೂತದ್ದು ಬರೆಯುವುದಕ್ಕೆ! 1913ರಲ್ಲಿ ‘ಸುಶೀಲೆ’ ಕಾದಂಬರಿ. ‘ಸತೀಹಿತೈಷಿಣಿ’ ಗ್ರಂಥಮಾಲೆ ಆಕೆಯದೇ. 1917ರಲ್ಲಿ ‘ಕರ್ನಾಟಕ ನಂದಿನಿ’ ಮಾಸಪತ್ರಿಕೆ, ಸಂಪಾದಕಿಯೂ ಆಕೆಯೇ! ಬರೆದವಳೂ ಅವಳೇ, ಹೊರತಂದವಳೂ ಅವಳೇ. ಇವರ ಹೆಸರು ಗೌರಿಬಿದನೂರಿನ ಪ್ರತಿ ಹೈಸ್ಕೂಲು ಹುಡುಗಿಗೂ ಗೊತ್ತಿರಬೇಕಿತ್ತು, ಗೊತ್ತಿಲ್ಲ. ನನಗೆ ಸಿಟ್ಟು ಬರುವುದು ಇಲ್ಲೇ.

ಇನ್ನೊಬ್ಬರಿದ್ದಾರೆ! ಬೆಂಗಳೂರಿನ ಆರ್. ಕಲ್ಯಾಣಮ್ಮ. 1921ರಲ್ಲಿ ಹೆಂಗಸರಿಗಾಗಿ ‘ಸರಸ್ವತಿ’ ಮಾಸಪತ್ರಿಕೆ ಶುರು ಮಾಡಿದರು. ಎಷ್ಟು ವರ್ಷ ನಡೆಸಿರಬಹುದು? ಎರಡು? ಐದು? ಅಂದಿನ ಎಷ್ಟೋ ಪತ್ರಿಕೆಗಳು ಅಷ್ಟರಲ್ಲೇ ಕಣ್ಮುಚ್ಚುತ್ತಿದ್ದವು.

ನಾಲ್ಕು ದಶಕಕ್ಕೂ ಮೇಲೆ!

ಅದರ ನಡುವೆಯೇ 1938ರಲ್ಲಿ ಮಕ್ಕಳ ಕೂಟವನ್ನೂ ಕಟ್ಟಿದರು. ಅದು ಚಾಮರಾಜಪೇಟೆಯಲ್ಲಿ ಇಂದಿಗೂ ಇದೆ. ಚಿಕ್ಕಬಳ್ಳಾಪುರದಲ್ಲಿ ಬೆಳಗಿನ ಬಸ್ಸು ಹತ್ತಿ, ಮಕ್ಕಳನ್ನೂ ಕರೆದುಕೊಂಡು ಹೋಗಿ ನೋಡಿ!